ಶಿಶುವರ್ಗದಲ್ಲಿ ಕಥೆ

ಹೋಟೆಲಿನಲ್ಲಿ ದುಡಿಯುವ ತಂದೆ ಮನೆಗೆ ಮರಳುವ ಹೊತ್ತಿಗೆ ಮಗು ನಿದ್ರಿಸಿರುತ್ತದೆ. ಗುಮಾಸ್ತೆಯಾದವನು ಅದು ಏಳುವ ಮೊದಲೇ ಲೋಕಲ್ ಹಿಡಿಯಬೇಕು. ಅಜ್ಜಿ ಊರಿನಲ್ಲಿ. ಹಿಂದೆ ಅವಳ ಮಡಿಲಲ್ಲಿ ನಡೆಯುತ್ತಿದ್ದ ಕಾರ್ಯವು ಈ ಮಹಾನಗರದಲ್ಲಿ ಶಿಶುವರ್ಗದ ಶಿಕ್ಷಕಿಯ ಪಾಲಿಗೆ ಬಂದಿದೆ. ಆದರೆ ಅಕ್ಷರ ತಿದ್ದಿಸುವುದಕ್ಕಿರುವ ಆತುರ ಕಥೆ ಹೇಳುವುದಕ್ಕಿಲ್ಲ.

ಕಾಗಕ್ಕ ಗುಬ್ಬಕ್ಕರ ಕಥೆಯನ್ನೇ ತೆಗೆದುಕೊಳ್ಳೋಣ. ಮಳೆಗೆ ಮನೆ ಕೊಚ್ಚಿಹೋದ ಕಾಗೆ ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಒಂದೊಂದು ನೆಪ ಹೇಳಿ ಕಾಯಿಸುತ್ತದೆ. ಮರಾಠಿ ಮನೆಗಳಲ್ಲಿಯೂ ಇದೇ ಕಥೆಯುಂಟು. ಅಲ್ಲಿ ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ಚಾಳಿನ ನೆರೆಯವರಿಂದ ಅದನ್ನು ಕೇಳಿದ ಮಗುವಿಗೆ ಕನ್ನಡದ ಕಥೆ ಹೊರೆಯಾಗಲಾರದು.

ಮೊದಲ ದಿನ ಕಥೆ ಹೇಳಿದರೆ ಸಾಕು, ಪ್ರಶ್ನೆ ಬೇಡ. ಮರುದಿನ ಮಣ್ಣಿನದೊಂದು, ಕಲ್ಲಿನದೊಂದು ಪುಟ್ಟ ಮನೆ ಕಟ್ಟಿಸಿ ಎರಡರ ಮೇಲೂ ತಂಬಿಗೆ ನೀರು ಸುರಿಯಲಿ. ಕಥೆ ನಡೆಯುವ ಸ್ಥಳ ಯಾವುದು, ತೊಡಕು ಎಲ್ಲಿ ಹುಟ್ಟಿತು ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ. ಮತ್ತೊಂದು ದಿನ ಇಬ್ಬರು ಕಾಗೆ ಗುಬ್ಬಿಯರಾಗಲಿ, ಮಿಕ್ಕವರೆಲ್ಲ ಮಳೆಯಾಗಲಿ. ನಾಲ್ಕು ಚಿತ್ರಗಳನ್ನು ಕಲಸಿಟ್ಟು ಜೋಡಿಸಹೇಳಿದರೆ ಆದಿ ಅಂತ್ಯಗಳ ಅರಿವು ಮೂಡುತ್ತದೆ. ಒಲೆಯ ಬಳಿ ಕುಳಿತ ಕಾಗೆಯ ರೆಕ್ಕೆ ಸುಡುವ ಅಂತ್ಯವೂ ಕೆಲವೆಡೆ ಬಳಕೆಯಲ್ಲಿದೆ. ಮಕ್ಕಳು ಅಂಜುವರೆಂದು ಅದನ್ನು ಬಿಡುವುದು ನಮಗೆ ಸಮ್ಮತವಲ್ಲ. ಗುಬ್ಬಿ ಮಾಡಿದ್ದು ಸರಿಯೇ ಎಂದು ಕೇಳಿ ನೋಡಲಿ; ತರಗತಿಯಲ್ಲಿ ಮೌನವಾಗಿರುವ ಮಗುವೂ ಆಗ ಬಾಯಿಬಿಡುತ್ತದೆ.

ಇದಕ್ಕೆ ಹಣ ಬೇಕಿಲ್ಲ. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಆರಂಭಿಸಿ, 1957ರಲ್ಲಿ ಕೋಸಬಾಡಕ್ಕೆ ಒಯ್ದ ಬಾಲಶಿಕ್ಷಣ ಕಾರ್ಯದಲ್ಲಿ ಅನುತಾಯಿ ವಾಘರೊಡನೆ ಬಡ ಮಕ್ಕಳಿಗೆ ಕಲಿಸಿದ್ದು ಸುತ್ತಮುತ್ತ ಸಿಗುವ ಸಾಮಾನ್ಯ ವಸ್ತುಗಳಿಂದಲೇ. ಕೋಸಬಾಡ ಮುಂಬಯಿಗೆ ದೂರವೇನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ಹಂತಕ್ಕೆ ಆಟ ಮತ್ತು ಚಟುವಟಿಕೆಗಳನ್ನೇ ವಿಧಿಸಿದೆ.

ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆಂದು ಸಭೆಗಳಲ್ಲಿ ಕೊರಗುವುದುಂಟು. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳಿಗೂ ನಮ್ಮ ಸಂಘಗಳು ಭಾನುವಾರ ಇಂತಹ ಕಥಾವರ್ಗ ನಡೆಸಬಹುದು. ಹೋಟೆಲ್ ಬಂಧುಗಳು ತಮ್ಮ ವಾರದ ರಜೆಯಲ್ಲಿ ಒಂದು ತಾಸು ಬಂದು, ಕುಂದಾಪುರದ್ದೋ ಧಾರವಾಡದ್ದೋ, ತಮ್ಮೂರಿನ ಮಾತಿನಲ್ಲೇ ಒಂದು ಕಥೆ ಹೇಳಲಿ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮುನ್ನ ಕಾರ್ಯಕಾರಿ ಸಮಿತಿಗಳು ಶಿಕ್ಷಕಿಯರನ್ನು ಕೂಡಿಸಿಕೊಂಡು ಯಾವ ವಾರ ಯಾರು ಬರುವರೆಂಬ ಪಟ್ಟಿಯನ್ನು ಸಿದ್ಧಪಡಿಸಬೇಕು.