ಅಭ್ಯರ್ಥಿಗೂ ತರಬೇತಿ ಬೇಕು



ಎಲೆ ಕೀಳಲು ಹೊಸದಾಗಿ ಬಂದ ಹುಡುಗಿಗೆ ಪಕ್ಕದ ಸಾಲಿನ ಅಕ್ಕ ನಾಲ್ಕು ದಿನ ಕೆಲಸ ತೋರಿಸಿಕೊಡುತ್ತಾಳೆ. ಪಂಚಾಯತ್ ಚುನಾವಣೆಗೆ ನಿಲ್ಲುವ ನಮ್ಮ ಹೆಣ್ಣುಮಗಳಿಗೆ ಮಾತ್ರ ಯಾರೂ ಏನನ್ನೂ ಕಲಿಸುವುದಿಲ್ಲ. ವಾರ್ಡು ಸ್ತ್ರೀಯರಿಗೆ ಮೀಸಲೆಂದು ಗೊತ್ತಾದ ಮೇಲೆ ಪಕ್ಷದವರು ಪಾಡಿಗೆ ಬರುತ್ತಾರೆ, ಒಂದು ಹೆಸರು ಕೇಳುತ್ತಾರೆ, ಫೋಟೋ ತೆಗೆಸುತ್ತಾರೆ. ನೋಟೀಸಿನಲ್ಲಿ ಏನಿರಬೇಕು, ಯಾವ ಮನೆಗೆ ಹೋಗಬೇಕು, ದುಡ್ಡು ಎಲ್ಲಿ ಖರ್ಚಾಗಬೇಕು, ಎಲ್ಲವೂ ಬೇರೆಯವರ ಕೈಯಲ್ಲಿ. ಆಕೆ ಕೈಮುಗಿದು ಅವರ ಹಿಂದೆ ನಡೆಯುತ್ತಾಳೆ. ಗೆದ್ದ ಮೇಲೂ ಹಿಂದೆಯೇ ನಡೆದರೆ ಆಶ್ಚರ್ಯವೇನು?

ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಸ್ಥಾನವನ್ನು ಕಾನೂನು ಕೊಟ್ಟಿತು. ಪ್ರಚಾರ ನಡೆಸುವ ವಿದ್ಯೆಯನ್ನು ಅದು ಕೊಡಲಾರದು. ಆ ಕೆಲಸವನ್ನು ನಮ್ಮ ಕಾರ್ಮಿಕ ಕೂಟಗಳೇ ವಹಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಮುನ್ನಾರಿನ ಸಂಗತಿ ನಿಮಗೆ ಗೊತ್ತು. 2015ರ ಸೆಪ್ಟೆಂಬರಿನಲ್ಲಿ ಬೋನಸ್ಸು ಕಡಿತವಾದಾಗ ಅಲ್ಲಿನ ಚಹಾ ತೋಟದ ಸ್ತ್ರೀಯರು ಯೂನಿಯನ್ ಮುಖಂಡರನ್ನು ದೂರವಿಟ್ಟು, ರಸ್ತೆಯಲ್ಲಿ ಕುಳಿತು, ಶೇಕಡಾ 20ನ್ನು ಪಡೆದರು. ಅವರ ಪೆಂಬಿಳೈ ಒರುಮೈ ಕೂಟ ಅದೇ ನವೆಂಬರಿನಲ್ಲಿ ಪಂಚಾಯತ್ ಚುನಾವಣೆಗೆ ನಿಂತು ಕೆಲವು ಸ್ಥಾನಗಳನ್ನೂ ಗೆದ್ದಿತು. ನಮಗೆ ಹೆಮ್ಮೆಯೇ. ಆದರೆ ಸಿದ್ಧತೆಗೆ ಅವರಿಗೆ ಎರಡು ತಿಂಗಳೂ ಸಿಗಲಿಲ್ಲ. ರಸ್ತೆಯಲ್ಲಿ ಕೂರುವ ಧೈರ್ಯ ಬೇರೆ, ಮನೆ ಮನೆಯ ಮತ ಎಣಿಸುವ ತಾಳ್ಮೆ ಬೇರೆ.

ಮೊದಲು ಕಲಿಯಬೇಕಾದದ್ದು ಮತದಾರರ ಪಟ್ಟಿ. ವಯನಾಡಿನಲ್ಲಿ ಪಟ್ಟಿ ಮಲಯಾಳದಲ್ಲಿದೆ. ನಮ್ಮ ಹಿರಿಯರಿಗೆ ಓದಲು ಬರುವುದು ಕನ್ನಡ, ಇಲ್ಲವೇ ಅದೂ ಇಲ್ಲ. ಶಾಲೆಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಡಿ ಪಾಡಿಯಾಗಿ ಗುರುತು ಹಾಕಬೇಕು: ಯಾರು ಬೇರೆ ಎಸ್ಟೇಟಿಗೆ ಹೋದರು, ಯಾರಿಗೆ 18 ತುಂಬಿದರೂ ಹೆಸರು ಸೇರಿಲ್ಲ. ಇದನ್ನು ಕರಡು ಪಟ್ಟಿ ಹೊರಬಂದಾಗಲೇ ಮಾಡಬೇಕು. ನಾಮಪತ್ರದ ಹೊತ್ತಿಗೆ ಪರದಾಡಿ ಪ್ರಯೋಜನವಿಲ್ಲ.

ಮಾತು ಕಲಿಯುವುದು ಇನ್ನೂ ಕಷ್ಟ. ಸೋರುವ ಪಾಡಿಯನ್ನು ಸರಿಮಾಡಿಸುತ್ತೇನೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ 1951ರ ತೋಟ ಕಾರ್ಮಿಕರ ಕಾಯಿದೆ ಮನೆಯ ಹೊಣೆಯನ್ನು ಹೊರಿಸಿದ್ದು ಮಾಲೀಕರ ಮೇಲೆ, ಪಂಚಾಯತಿನ ಮೇಲಲ್ಲ. ಬೀದಿ ದೀಪ, ಅಂಗನವಾಡಿ, ಪಂಚಾಯತ್ ರಸ್ತೆ ಇವು ವಾರ್ಡು ಸದಸ್ಯೆ ಕೇಳಬಲ್ಲ ವಿಷಯಗಳು. ಯಾವುದನ್ನು ಕಂಪೆನಿಯ ಹತ್ತಿರ ಕೇಳಬೇಕು, ಯಾವುದನ್ನು ಪಂಚಾಯತಿನ ಹತ್ತಿರ ಕೇಳಬೇಕು ಎಂದು ತಿಳಿಯದೆ ಭರವಸೆ ಕೊಟ್ಟವಳು ಮುಂದಿನ ಮಳೆಗಾಲದಲ್ಲಿ ಅದೇ ಪಾಡಿಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡಬೇಕೆಂದು ಕರ್ತನು ಹೇಳಿದ ಸಾಮ್ಯ ನೆನಪಿರಲಿ. ಗ್ರಾಮ ಪಂಚಾಯತ್ ಅಭ್ಯರ್ಥಿಯ ಖರ್ಚಿಗೆ 25,000 ರೂಪಾಯಿಯ ಮಿತಿ ಇದೆ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕು. ಸೋತವರೂ ಒಪ್ಪಿಸಬೇಕು; ಒಪ್ಪಿಸದವರು ಮುಂದೆ ನಿಲ್ಲಲು ಅನರ್ಹರಾಗಬಹುದು. ಆದ್ದರಿಂದ ಲೆಕ್ಕದ ಪುಸ್ತಕ ಅಭ್ಯರ್ಥಿಯ ಕೈಯಲ್ಲೇ ಇರಲಿ, ಗಂಡನ ಜೇಬಿನಲ್ಲೂ ಬೇಡ.

ಸಭೆಗೆ ರಾಜಕೀಯ ಏಕೆ ಎಂದು ಕೆಲವು ಹಿರಿಯರು ಕೇಳುತ್ತಾರೆ. ಅವರ ಅಂಜಿಕೆಯಲ್ಲಿ ಅರ್ಥವಿದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಕಾನೂನಿನ ಪ್ರಕಾರ ಭ್ರಷ್ಟಾಚಾರ; ಗೆದ್ದ ಸ್ಥಾನವೂ ಹೋಗಬಹುದು. ಆದ್ದರಿಂದ ಆರಾಧನೆಯಲ್ಲಿ ಒಂದು ಮಾತೂ ಬೇಡ. ತರಬೇತಿಗೆ ಯಾವ ಪಕ್ಷದವರೂ, ಯಾವ ಮತದವರೂ ಬರಲಿ. ಪಕ್ಕದ ಪಾಡಿಯ ಹಿಂದೂ, ಮುಸ್ಲಿಂ ಅಕ್ಕಂದಿರಿಗೂ ಅದೇ ಚಾಪೆ.

ವಯನಾಡಿನಲ್ಲಿ 2025ರ ಡಿಸೆಂಬರ್ 11ರಂದು ಮತದಾನ ಮುಗಿಯಿತು. ಮೀಸಲು ವಾರ್ಡು ಸುತ್ತುತ್ತಿರುತ್ತದೆ. ಅದಕ್ಕಾಗಿ ಕಾಯಬೇಕಾಗಿಲ್ಲ, ಸಾಮಾನ್ಯ ವಾರ್ಡಿನಲ್ಲೂ ಸ್ತ್ರೀ ನಿಲ್ಲಬಹುದು. ಪ್ರತಿ ಪಾಡಿಯಿಂದ ಇಬ್ಬರನ್ನು ಈಗಲೇ ಆರಿಸಿ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೂರೋಣ. ಕಲಿಸಲು ದೊಡ್ಡ ಭಾಷಣಕಾರರು ಬೇಡ. ಕಳೆದ ಸಾರಿ ನಿಂತು ಸೋತ ನಮ್ಮ ಅಕ್ಕಂದಿರನ್ನೇ ಕರೆಯೋಣ. ಬರುವಾಗ ಅವರು ತಮ್ಮ ಪಟ್ಟಿಯನ್ನೂ ಖರ್ಚಿನ ಪುಸ್ತಕವನ್ನೂ ತರಲಿ.