ಒಂಬತ್ತು ವರ್ಷ ಪಾಠ ಮಾಡಿದವರು ‘ಹೊಸಬರು’ ಹೇಗಾದ್ರು?

“ಹೊಸದಾಗಿ ಬಂದೀರಿ ಟೀಚರ್, ಸ್ವಲ್ಪ ಹೊಂದಿಕೊಂಡು ಹೋಗ್ರಿ.”

ಸವದತ್ತಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಬಿಸಿಯೂಟದ ಸುದ್ದಿಗೆ ಹೋಗಿ ಕುಳಿತಿದ್ದಾಗ ಕಿವಿಗೆ ಬಿದ್ದ ಮಾತಿದು. ಶಾಲೆಯ ಹೆಸರು ಬರೆಯುವುದಿಲ್ಲ. ಓದುತ್ತ ಹೋದಂತೆ ‘ಇದು ನಮ್ಮೂರ ಶಾಲೀನ’ ಅಂತ ನಿಮಗೆ ಅನ್ನಿಸಿದರೆ, ಹಂಗೇ ಇಟ್ಟುಕೊಳ್ಳಿ.

ಮಾತು ಹೇಳಿಸಿಕೊಂಡವರು ಗಣಿತದ ಟೀಚರ್. ಪಕ್ಕದ ತಾಲ್ಲೂಕಿನಲ್ಲಿ ಒಂಬತ್ತು ವರ್ಷ ಅತಿಥಿ ಶಿಕ್ಷಕಿಯಾಗಿದ್ದವರು. ಪ್ರತಿ ಜೂನಿನಲ್ಲಿ ಅರ್ಜಿ ಕೊಡುವುದು, ಮಾರ್ಚ್ ಮುಗಿದರೆ ಮನೆಗೆ, ಗೌರವಧನ ಬಂದಾಗ ಬಂತು. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಪರೀಕ್ಷೆ ಬರೆದು ಪಾಸಾದರು. ಮದುವೆಯಾದ ಹೆಣ್ಣುಮಕ್ಕಳು ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಲ್ಲಿ ತರಬೇಕೋ ಗಂಡನ ಹೆಸರಲ್ಲೋ ಎಂಬ ತಕರಾರು ಕೋರ್ಟಿಗೆ ಹೋಯಿತು. ನೇಮಕಾತಿ ಆದೇಶ ಕೈಗೆ ಬಂದಾಗ 2023 ಮುಗಿಯುತ್ತ ಬಂದಿತ್ತು.

ಆ ದಿನದಿಂದ ಅವರು ‘ಹೊಸಬರು’. ಸೇವಾ ಪುಸ್ತಕ ಮೊದಲ ಪುಟದಿಂದ ಶುರು, ಮೇಲೆ ಎರಡು ವರ್ಷದ ಪ್ರೊಬೇಷನ್. ಒಂಬತ್ತು ವರ್ಷದಲ್ಲಿ ಭಿನ್ನರಾಶಿ ಅಂದರೆ ನಡುಗುತ್ತಿದ್ದ ಎಷ್ಟು ಮಕ್ಕಳನ್ನು ಅವರು ದಾಟಿಸಿದರೋ, ಅದು ಯಾವ ಕಾಲಮ್ಮಿನಲ್ಲೂ ಇಲ್ಲ.

ಸರ್ಕಾರ ಮರೆತದ್ದು ಸಾಲದು ಅಂತ ಸಿಬ್ಬಂದಿ ಕೋಣೆಯೂ ಮರೆಯಿತು. ಅವರ ಪಾಲಿಗೆ ಬಂದ ಕೆಲಸ ಕೇಳಿ: ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಯಾರಾದರೂ ಮೀಟಿಂಗಿಗೆ ಹೋದರೆ ಅವರ ತರಗತಿ ಕಾಯುವುದು. “ನೀವು ವಯಸ್ಸಿನವರು, ಮೊಬೈಲ್ ಗೊತ್ತು.” ಗಣಿತಕ್ಕೆಂದೇ ಆಯ್ಕೆಯಾಗಿ ಬಂದವರಿಗೆ ಏಳನೆಯ ತರಗತಿಯ ಗಣಿತ ಮಾತ್ರ ಸಿಗಲಿಲ್ಲ. ಅದು ಹದಿನಾರು ವರ್ಷದಿಂದ ಒಬ್ಬ ಮೇಷ್ಟ್ರ ಕೈಯಲ್ಲಿದೆ.

ಆ ಮೇಷ್ಟ್ರು ಕೆಟ್ಟವರು ಅಂತ ಬರೆದುಬಿಟ್ಟರೆ ಈ ಲೇಖನ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅವರು ಕೆಟ್ಟವರಲ್ಲ.

ಅವರು ನೇಮಕವಾದದ್ದು ಒಂದರಿಂದ ಏಳನೆಯ ತರಗತಿಗೆ. ಬಿ.ಎಸ್ಸಿ., ಬಿ.ಇಡಿ. ಆಗಿದೆ. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ಸರ್ಕಾರ, ‘ನೀವು ಒಂದರಿಂದ ಐದನೆಯ ತರಗತಿಯ ಶಿಕ್ಷಕರು’ ಅಂದಿತು. ಆರರಿಂದ ಎಂಟಕ್ಕೆ ‘ಪದವೀಧರ ಪ್ರಾಥಮಿಕ ಶಿಕ್ಷಕ’ ಎಂಬ ಬೇರೆ ಹುದ್ದೆ, ಅದಕ್ಕೆ ಮೇಲಿನ ವೇತನ ಶ್ರೇಣಿ. ಹುದ್ದೆ ಕೆಳಗಿಳಿಯಿತು, ಕೆಲಸ ಇಳಿಯಲಿಲ್ಲ. ಏಳನೆಯ ತರಗತಿಗೆ ಪಾಠ ಅವರೇ ಮಾಡುತ್ತ ಬಂದರು. ಕೊನೆಗೆ ಅದೇ ಪದವಿ ಇಟ್ಟುಕೊಂಡು, ವಯಸ್ಸಿನಲ್ಲಿ ಚಿಕ್ಕವರೊಬ್ಬರು ಮೇಲಿನ ಹುದ್ದೆಯ ಆದೇಶ ಹಿಡಿದು ಬಾಗಿಲಲ್ಲಿ ನಿಂತರೆ ಹೊಟ್ಟೆಯೊಳಗೆ ಏನಾಗಬೇಡ? 2024ರ ಆಗಸ್ಟಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಪ್ರಾಥಮಿಕ ಶಿಕ್ಷಕರು ಸೇರಿದ್ದು ಈ ಸಂಕಟಕ್ಕೇ. ಅವರ ಬೇಡಿಕೆ ನ್ಯಾಯದ್ದು. ಸೇವೆಯಲ್ಲಿರುವ ಪದವೀಧರರನ್ನು ಬಿಟ್ಟು ಹೊರಗಿನಿಂದ ತುಂಬುವುದು ಯಾವ ಲೆಕ್ಕದಲ್ಲೂ ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ.

ಆದರೆ ಆ ನಿಯಮ ಬರೆದವರು ವಿಧಾನಸೌಧದ ಕಡೆ ಇದ್ದಾರೆ. ಗಣಿತದ ಟೀಚರ್ ಬರೆದದ್ದಲ್ಲ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅಂದಂತೆ, ಬೆಂಗಳೂರಿನ ಮೇಲಿನ ಸಿಟ್ಟು ಮೊಟ್ಟೆ ಲೆಕ್ಕದ ರೂಪದಲ್ಲಿ ಅವರ ಮೇಜಿಗೆ ಬರುತ್ತಿದೆ. ನೋಡಿ, ಇಬ್ಬರದೂ ಒಂದೇ ಗಾಯ. ಇವರ ಹದಿನಾರು ವರ್ಷವನ್ನು ಹುದ್ದೆ ಲೆಕ್ಕಕ್ಕೆ ಹಿಡಿಯಲಿಲ್ಲ, ಅವರ ಒಂಬತ್ತು ವರ್ಷವನ್ನು ಸೇವಾ ಪುಸ್ತಕ ಹಿಡಿಯಲಿಲ್ಲ. ಕೂತು ಒಂದು ಚಹಾ ಕುಡಿದಿದ್ದರೆ ಒಂದೇ ಮನವಿಪತ್ರಕ್ಕೆ ಇಬ್ಬರೂ ಸಹಿ ಹಾಕುತ್ತಿದ್ದರೋ ಏನೋ.

ಅದಕ್ಕೇ ಈ ‘ಹೊಂದಿಕೊಂಡು ಹೋಗ್ರಿ’ ಎಂಬ ಬುದ್ಧಿವಾದದ ಮೇಲೆ ನನಗೆ ಸಿಟ್ಟು. ಅದು ಯಾವಾಗಲೂ ಬಂದವರಿಗೇ ಹೇಳುವ ಮಾತು. ಇದ್ದವರು ಹೊಂದಿಕೊಳ್ಳಬೇಕು ಅಂತ ಯಾರೂ ಹೇಳುವುದಿಲ್ಲ. ಇಪ್ಪತ್ತೆರಡರ ಹುಡುಗ ಡಿ.ಇಡಿ. ಮುಗಿಸಿ ನೇರ ಬಂದರೆ ಸರಿ, ನೋಡಿ ಕಲಿ ಅನ್ನಬಹುದು. ಹತ್ತು ಶಾಲೆ ನೀರು ಕುಡಿದು ಬಂದವರಿಗೆ ಅದೇ ಮಾತು ಹೇಳಿದರೆ, ‘ನಿನ್ನ ಅನುಭವವನ್ನು ಗೇಟಿನ ಹೊರಗೆ ಬಿಟ್ಟು ಬಾ’ ಎಂದ ಹಾಗೆ.

ಸಿರಸಂಗಿಯಲ್ಲಿ ಕೂತು ಇದನ್ನು ಬರೆಯುವಾಗ ನಗುವೂ ಬರುತ್ತದೆ. ಈ ಊರಿನ ಹೆಸರನ್ನು ಕಾಳಮ್ಮ ಬಿಟ್ಟರೆ ನಾಡಿಗೆಲ್ಲ ಮುಟ್ಟಿಸಿದವರು ಲಿಂಗರಾಜ ದೇಸಾಯರು. ಅವರು ಹುಟ್ಟಿದ್ದು ಇಲ್ಲಲ್ಲ, ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ. ದತ್ತು ಬಂದವರು. ಹೊರಗಿನಿಂದ ಬಂದ ಆ ಮನುಷ್ಯನೇ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ವಾಡೆ ತೋರಿಸಿ ‘ನಮ್ಮ ದೇಸಾಯರು’ ಅನ್ನುವ ನಾವು, ಅದೇ ಊರ ಸೀಮೆಯ ಶಾಲೆಗಳಲ್ಲಿ ಹೊರಗಿನ ಟೀಚರಿಗೆ ಒಂದು ತರಗತಿ ಬಿಟ್ಟುಕೊಡಲು ಲೆಕ್ಕ ಹಾಕುತ್ತೇವೆ.

ಬಂದವರದೂ ಸ್ವಲ್ಪ ಹೇಳಬೇಕು. ‘ನಮ್ಮ ಹಿಂದಿನ ಶಾಲೆಯಲ್ಲಿ ಹಿಂಗಿರಲಿಲ್ಲ’ ಎಂಬ ಮಾತು ದಿನಕ್ಕೆ ನಾಲ್ಕು ಸಲ ಬಂದರೆ ಯಾರಿಗಾದರೂ ಬೇಸರ ಬರುತ್ತದೆ. ಗಣಿತದ ಟೀಚರ್ ಬಾಯಲ್ಲೂ ಅದನ್ನು ಕೇಳಿದೆ. ಹಿಂದಿನ ಶಾಲೆಯಲ್ಲಿ ಗೆದ್ದ ಉಪಾಯ ಇಲ್ಲಿ ಗೆಲ್ಲಬೇಕೆಂದಿಲ್ಲ. ಯಾವ ಮನೆಯವರು ಗೋವಾಕ್ಕೆ ದುಡಿಯಲು ಹೋಗಿ ಮಗುವನ್ನು ಅಜ್ಜಿ ಹತ್ತಿರ ಬಿಟ್ಟಿದ್ದಾರೆ, ಯಲ್ಲಮ್ಮನ ಹುಣ್ಣಿಮೆ ಬಂದರೆ ಯಾವ ಓಣಿಯ ಮಕ್ಕಳು ವಾರ ಕಾಣುವುದಿಲ್ಲ, ಯಾವ ಹುಡುಗಿಯ ಮನೆಯಲ್ಲಿ ಏಳನೆಯ ತರಗತಿ ಮುಗಿದ ಕೂಡಲೇ ಮದುವೆಯ ಮಾತು ಏಳುತ್ತದೆ: ಇದು ಯಾವ ತರಬೇತಿಯಲ್ಲೂ ಸಿಗುವುದಿಲ್ಲ. ಹದಿನಾರು ವರ್ಷದ ಮೇಷ್ಟ್ರ ತಲೆಯಲ್ಲಿದೆ. ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಿಟ್ಟಾದವರು ಮೊದಲು ಮುಚ್ಚಿಕೊಳ್ಳುವುದು ಅದನ್ನೇ. ಇಲ್ಲೂ ಹಾಗೇ ಆಯಿತು. ಒಬ್ಬ ಹುಡುಗ ಸೋಮವಾರ ಸೋಮವಾರ ಬರುತ್ತಿರಲಿಲ್ಲ. ಟೀಚರ್ ಮೂರು ತಿಂಗಳು ಅವನಿಗೆ ಗದರಿಸಿದರು. ಸೋಮವಾರ ಅವನ ಅವ್ವ ಸಂತೆಗೆ ಕಾಯಿಪಲ್ಲೆ ಮಾರಲು ಹೋಗುತ್ತಾಳೆ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನಿದ್ದಾನೆ. ಮೇಷ್ಟ್ರಿಗೆ ಇದು ಗೊತ್ತಿತ್ತು, ಎರಡು ವರ್ಷದಿಂದ. ಹೇಳಲಿಲ್ಲ. “ಕೇಳಲಿಲ್ಲ, ಹೇಳಲಿಲ್ಲ” ಅಂದರು ನನಗೆ. ಹುಡುಗ ಈಗ ಮಂಗಳವಾರವೂ ಬರುವುದಿಲ್ಲ.

ಮುಖ್ಯ ಶಿಕ್ಷಕರು ಏನು ಮಾಡುತ್ತಿದ್ದರು ಅಂತ ನೀವು ಕೇಳಬೇಕು. ನಾನೂ ಕೇಳಿದೆ. “ಅವರವರೊಳಗೆ ಸರಿ ಹೋಗತೈತಿ ಬಿಡ್ರಿ” ಅಂದರು. ಸರಿ ಹೋಗುವುದಿಲ್ಲ. ವೇಳಾಪಟ್ಟಿ ಬರೆಯುವ ಪೆನ್ನು ಅವರ ಕೈಯಲ್ಲೇ ಇದೆ. ಮೊದಲ ವಾರವೇ ಇಬ್ಬರನ್ನೂ ಕೂಡಿಸಿ, ಏಳನೆಯ ತರಗತಿಯ ಗಣಿತವನ್ನು ಹಂಚಿ, ಹಳಬರು ಮಕ್ಕಳ ಮನೆ ತೋರಿಸಲಿ, ಬಂದವರು ಭಿನ್ನರಾಶಿ ತೋರಿಸಲಿ, ಮೊಟ್ಟೆ ಲೆಕ್ಕ ಸರದಿ ಮೇಲೆ ಎಲ್ಲರೂ ಬರೆಯಲಿ ಅಂದಿದ್ದರೆ ಯಾವ ಸುತ್ತೋಲೆಯೂ ಅಡ್ಡ ಬರುತ್ತಿರಲಿಲ್ಲ.

ಅವರು ಮಾಡದಿದ್ದರೆ ಎಸ್‌ಡಿಎಂಸಿ ಇದೆ. ಅಲ್ಲಿ ಕೂತವರು ನೀವೇ, ಪಾಲಕರು. ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಬಣ್ಣ ಎಲ್ಲ ಮಾತಾಡುತ್ತೀರಿ. ಹೊಸದಾಗಿ ಬಂದ ಟೀಚರ್ ಈ ಮೊದಲು ಎಲ್ಲಿ, ಎಷ್ಟು ವರ್ಷ, ಏನು ಕಲಿಸಿದರು ಅಂತ ಒಬ್ಬರಾದರೂ ಕೇಳಿದ್ದೀರಾ? ಮುಂದಿನ ಸಭೆಯಲ್ಲಿ ವೇಳಾಪಟ್ಟಿ ತರಿಸಿ. ಯಾರಿಗೆ ಯಾವ ವಿಷಯ, ಯಾರ ಹೆಸರಿನ ಮುಂದೆ ಬರೀ ಲೆಕ್ಕಪತ್ರ, ಗೆರೆ ಎಳೆದು ನೋಡಿ. ಸೋಮವಾರ ಬಾರದ ಹುಡುಗನ ಹೆಸರು ಹಾಜರಿಯಲ್ಲಿ ಇನ್ನೂ ಇದೆಯೋ ಇಲ್ಲವೋ, ಅದನ್ನೂ ಕೇಳಿ.