ಒಂದು ಷಿಲಿಂಗಿನ ಬೆಲೆ

ಗಿರಣಿಯಲ್ಲಿ ತಿರುಗುವ ಮೋಟಾರಿಗೂ, ಅಂಗಡಿಯ ದೀಪಕ್ಕೆ ತಂತಿಯಲ್ಲಿ ಹರಿದು ಬರುವ ವಿದ್ಯುತ್ತಿಗೂ ದಾರಿ ತೋರಿದವನು ಸಿರಿವಂತನ ಮಗನಲ್ಲ, ಪದವೀಧರನೂ ಅಲ್ಲ. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಕಸುಬಿನ ಹುಡುಗ. ಬುದ್ಧಿಯೆಂಬುದು ಉಳ್ಳವರ ಮನೆಯ ಸೊತ್ತು ಎನ್ನುವವರಿಗೆ ಆತನ ಆರಂಭದ ದಿನಗಳೇ ತಕ್ಕ ಉತ್ತರವೆಂದು ನಾವು ಭಾವಿಸುತ್ತೇವೆ.

1805ರಲ್ಲಿ, 14ನೆಯ ವಯಸ್ಸಿನಲ್ಲಿ, ಆತ ರೀಬೋ ಎಂಬ ಪುಸ್ತಕ ವ್ಯಾಪಾರಿಯಲ್ಲಿ 7 ವರ್ಷಗಳ ಕರಾರಿಗೆ ಸೇರಿದನು. ರಟ್ಟಿಗೆಂದು ಬಂದ ಪುಸ್ತಕಗಳೇ ಆತನ ಶಾಲೆಯಾದವು. ಧಣಿ ಅಡ್ಡಿ ಮಾಡಲಿಲ್ಲ. ಊರಲ್ಲಿ ವಿಜ್ಞಾನದ ಉಪನ್ಯಾಸಗಳು ನಡೆದಾಗ ಪ್ರವೇಶಕ್ಕೆ ಒಂದು ಷಿಲಿಂಗು ಬೇಕಾಯಿತು. ಕಮ್ಮಾರಿಕೆಯ ಅಣ್ಣ ರಾಬರ್ಟ್ ಅದನ್ನು ಕೊಟ್ಟನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೇಟು ಕೊಡಿಸಿದರು. ಕೇಳಿದ್ದನ್ನೆಲ್ಲ ಬರೆದು, ತನ್ನ ಕೈಯಾರೆ ರಟ್ಟು ಕಟ್ಟಿ, ಫ್ಯಾರಡೆ ಡೇವಿಗೇ ಕಳುಹಿಸಿದನು. 1813ರ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ದೊರೆಯಿತು. ಸಂಬಳ ವಾರಕ್ಕೆ 25 ಷಿಲಿಂಗು.

ಅಲ್ಲಿಗೂ ಅವಮಾನ ತಪ್ಪಲಿಲ್ಲ. ಯೂರೋಪಿನ ಪ್ರವಾಸದಲ್ಲಿ ಡೇವಿಯ ಪರಿಚಾರಕನ ಕೆಲಸವೂ ಆತನ ತಲೆಗೆ ಬಂತು. ಡೇವಿಯ ಪತ್ನಿ ಆತನನ್ನು ಆಳಿನಂತೆಯೇ ಕಂಡರು. 1821ರಲ್ಲಿ, ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವುದನ್ನು ಆತ ತೋರಿಸಿದನು. ಇದೇ ಮೋಟಾರಿನ ಬೀಜ. ಆಗಲೂ, ಇದು ವೊಲಾಸ್ಟನ್ ಎಂಬ ಹಿರಿಯರ ವಿಚಾರದ ಅಪಹರಣವೆಂಬ ಗುಸುಗುಸು ಹಬ್ಬಿತು. 1824ರಲ್ಲಿ ರಾಯಲ್ ಸೊಸೈಟಿಗೆ ಆತನ ಆಯ್ಕೆಯನ್ನು ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಆದರೂ ಫ್ಯಾರಡೆ ಗೆದ್ದನು. ಅಯಸ್ಕಾಂತದ ಚಲನೆಯಿಂದ ವಿದ್ಯುತ್ತು ಹುಟ್ಟುವುದನ್ನು 1831ರಲ್ಲಿ ಆತನೇ ಕಂಡುಹಿಡಿದನು.

ಆತನ ಶ್ರಮವನ್ನು ಹೊಗಳಿ ಸುಮ್ಮನಾಗುವುದು ಸುಲಭ. ನಾವು ಕೇಳುವ ಪ್ರಶ್ನೆ ಬೇರೆ. ಅಣ್ಣನ ಷಿಲಿಂಗು, ಗಿರಾಕಿಯ ಟಿಕೇಟು, ಧಣಿಯ ಸಹನೆ, ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಕೈಗಳು ಕೊನೆಯವರೆಗೆ ರಟ್ಟನ್ನೇ ಕಟ್ಟುತ್ತಿದ್ದವಲ್ಲವೇ? ಈ ಮೂರೂ ದಕ್ಕದೆ ಹೋದ ದುಡಿಮೆಗಾರರ ಮಕ್ಕಳೆಷ್ಟು ಮಂದಿ? ಅವರ ಲೆಕ್ಕವನ್ನು ಯಾವ ಚರಿತ್ರೆಯೂ ಇಟ್ಟಿಲ್ಲ.

ಬಡವನ ವಿದ್ಯೆ ಅದೃಷ್ಟಕ್ಕೆ ಬಿಟ್ಟ ಮಾತಾಗಬಾರದು. ಪಾಳಿ ಮುಗಿದ ಮೇಲೂ ಬಾಗಿಲು ತೆರೆದಿರುವ ವಾಚನಾಲಯ, ಶುಲ್ಕವಿಲ್ಲದ ಶಾಲೆ, ಪ್ರಯೋಗಕ್ಕೆ ನಾಲ್ಕು ಉಪಕರಣ: ಇವು ದಾನವಲ್ಲ, ಹಕ್ಕು. ಅಂಗಡಿಯ ಮಿತ್ರರಲ್ಲಿ ಮತ್ತೊಂದು ಮಾತು: ನಿಮ್ಮಲ್ಲಿ ದುಡಿಯುವ ತರುಣ ಬಿಡುವಿನಲ್ಲಿ ಪುಸ್ತಕ ಹಿಡಿದರೆ ಗದರಬೇಡಿ. ರೀಬೋ ಗದರಲಿಲ್ಲ, ಅದರ ಲಾಭವನ್ನು ಲೋಕವೆಲ್ಲ ಉಣ್ಣುತ್ತಿದೆ.